ಅವಿಯಾಕ್ ಒಣಗಿಸಿದ ಗಾಜುಗಳು

ಅವಿಯಾಕಳ ಮುಂದಿನ ಹಲ್ಲುಗಳು ಮದುವೆಯಾದ ಮೂರ್ನಾಲ್ಕು ಚಳಿಗಾಲಗಳಲ್ಲೇ ಸವೆದು ಅರ್ಧಕ್ಕೆ ಬಂದಿದ್ದವು. ನಮ್ಮ ಹಿಮದ ನಾಡಿನಲ್ಲಿ ಅದು ನಾಚಿಕೆಪಡುವ ಸಂಗತಿಯಲ್ಲ. ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ಬೂಟನ್ನು ಮಲಗುವಾಗ ಬಿಚ್ಚಿಟ್ಟರೆ ಏಳುವಷ್ಟರಲ್ಲಿ ಅದರ ಅಟ್ಟೆ ಹಲಗೆಯಂತೆ ಸೆಟೆದುಕೊಂಡಿರುತ್ತದೆ. ಹೆಂಡತಿ ಅದನ್ನು ಹಲ್ಲಿನಲ್ಲಿ ಜಗಿದು ಮೆತ್ತಗೆ ಮಾಡಿಕೊಡದೆ ಗಂಡ ಕಾಲು ತೂರಿಸುವಂತಿಲ್ಲ. ತೂರಿಸಿದನೆಂದರೆ ಆವತ್ತೇ ಕಾಲ್ಬೆರಳುಗಳ ಆಸೆ ಬಿಟ್ಟ ಹಾಗೆ. ಹೆಂಗಸಿನ ಹಲ್ಲು ಸವೆದಿದ್ದರೆ ಆ ಮನೆಯ ಗಂಡಸು ನೆಟ್ಟಗೆ ನಡೆಯುತ್ತಾನೆ ಎಂದು ತಿಳಿದುಕೊಳ್ಳಬೇಕು. ಅವಿಯಾಕಳ ಗಂಡ ಮಾಯಾಕ್ ನಮ್ಮೂರಾದ ನೆಕೆಯ ಕೊಲ್ಲಿಯಲ್ಲೆಲ್ಲ ಎದೆಯುಬ್ಬಿಸಿಕೊಂಡು ನಡೆಯುತ್ತಿದ್ದ.

ತಾಯಿ ಸತ್ತಮೇಲೆ ಅವಳನ್ನು ಸಾಕಿದ್ದು ಚಿಕ್ಕಮ್ಮ. ಬಾಯಿ ಬಿರುಸು, ಕೈ ಅದಕ್ಕಿಂತ ಬಿರುಸು. ಹೊಲಿಗೆಯಲ್ಲಿ ಎಲ್ಲಾದರೂ ನೀರು ಒಸರಿದರೆ ಬೂಟನ್ನು ಹುಡುಗಿಯ ಬೆನ್ನಿಗೇ ಎಸೆಯುತ್ತಿದ್ದಳು. "ಇದನ್ನ ಹಾಕ್ಕೊಂಡೋನು ಸತ್ತರೆ ಅವನ ಅವ್ವನಿಗೆ ಏನು ಹೇಳ್ತೀಯೆ?" ಎಂದು ಕೇಳುತ್ತಿದ್ದಳು. ಹಾಗೆ ಏಟು ತಿಂದು ಕಲಿತ ಹೊಲಿಗೆ ಅದು. ಮಾಯಾಕ್ ಅವಳನ್ನು ನಮ್ಮ ಪದ್ಧತಿಯಂತೆ ಎತ್ತಿಕೊಂಡೇ ಹೋದ. ಮರ್ಯಾದಸ್ಥ ಹುಡುಗಿಯಾದವಳು ಆಗ ಕೂಗಾಡಬೇಕು, ಕಾಲು ಝಾಡಿಸಬೇಕು, ಗಂಡಿನ ಕೂದಲು ಹಿಡಿದು ಜಗ್ಗಬೇಕು. ಅವಿಯಾಕ್ ಅದಷ್ಟನ್ನೂ ಊರು ಮೆಚ್ಚುವಂತೆ ಮಾಡಿದಳು. ಆದರೆ ಬಾಗಿಲು ದಾಟುವಾಗ ಕೂಗುತ್ತ ಕೂಗುತ್ತಲೇ ಕೈಚಾಚಿ, ಗೋಡೆಗೆ ಸಿಕ್ಕಿಸಿದ್ದ ತನ್ನ ಮೂಳೆಯ ಸೂಜಿಗೂಡನ್ನು ಕಿತ್ತುಕೊಂಡಳು. ಚಿಕ್ಕಮ್ಮನ ಕಣ್ಣಿಗೆ ಅದು ಬಿದ್ದೇ ಬಿತ್ತು. "ಹೋಗೋ ಮನಸ್ಸಿಲ್ಲದೋಳಿಗೆ ಸೂಜಿ ಯಾಕೇ?" ಎಂದು ಅವಳು ಬಿದ್ದು ಬಿದ್ದು ನಕ್ಕ ಕತೆಯನ್ನು ಊರು ಬಹಳ ಕಾಲ ಹೇಳಿಕೊಂಡಿತು.

ಮೊದಲೆರಡು ಮಕ್ಕಳು ಉಳಿಯಲಿಲ್ಲ. ಮೂರನೆಯದು ಉಳಿಯಿತು. ಹೆಣ್ಣು, ಹೆಸರು ಇವಾಲು. ಆ ಮಗುವನ್ನು ಅವಿಯಾಕ್ ತನ್ನ ಅಂಗಿಯ ಟೊಪ್ಪಿಗೆಯಲ್ಲಿ ಹೊತ್ತು ತಿರುಗುವ ವಯಸ್ಸು ಮೀರಿದಮೇಲೂ ಹೊತ್ತಳು. ಅತ್ತೆ ಸಿಮಿಗಾಕ್ ಬೈದಳು. "ಇಳಿಸೇ ಅದನ್ನ! ಮದುವೆ ದಿನಾನೂ ಬೆನ್ನ ಮೇಲೇ ಕೂತಿರುತ್ತೆ!" ಅವಿಯಾಕ್ ನಕ್ಕಳೇ ಹೊರತು ಇಳಿಸಲಿಲ್ಲ.

ಇವಾಲುವಿಗೆ ಮುಂದಿನ ಹಲ್ಲು ಬೀಳತೊಡಗಿದ ವರ್ಷ ಬಿಳಿಯರ ಹಡಗು ಬಂತು. ಅವರು ಕೆಳಗಿನ ಕೊಲ್ಲಿಯಲ್ಲಿ ಮರದ ಮನೆ ಕಟ್ಟಿಕೊಂಡು ಚಳಿಗಾಲ ಕಳೆದರು. ಸೂರ್ಯ ಮರಳಿದಮೇಲೆ ಉತ್ತರದ ತುದಿಯವರೆಗೆ ಹೋಗಿ, ಅಲ್ಲಿ ಏನಿದೆ ಎಂದು ನೋಡಿ ಬರುತ್ತಾರಂತೆ. ಅಲ್ಲಿ ಏನೂ ಇಲ್ಲ ಎಂದು ನಮ್ಮವರು ಎಷ್ಟು ಹೇಳಿದರೂ ಕೇಳಲಿಲ್ಲ. ಅವರ ನಾಯಕನನ್ನು ನಾವು ದೊಡ್ಡಗಡ್ಡ ಎನ್ನುತ್ತಿದ್ದೆವು. ಅವನಿಗೆ ಬೇಕಾಗಿದ್ದುದು ಗಂಡಸರು ಮತ್ತು ನಾಯಿಗಳು ಮಾತ್ರ. ಹೆಂಗಸರು ಬಂದರೆ ತಿನ್ನುವ ಬಾಯಿ ಹೆಚ್ಚು ಎಂದು ಅವನ ಲೆಕ್ಕಾಚಾರ. ಮಾಯಾಕ್ ಅವನೆದುರು ಕೂತು ಬೂಟು ಬಿಚ್ಚಿ, ಅದನ್ನು ಅವನ ಗಡ್ಡದ ಹತ್ತಿರ ಹಿಡಿದ.

"ಸರಿ, ಹೆಂಡತಿ ಬೇಡ. ದಿನಾ ಬೆಳಿಗ್ಗೆ ಇದನ್ನ ನೀನು ಜಗಿತೀಯಾ?"

ಮನೆ ತುಂಬ ನಗು ಎದ್ದಿತು. ದೊಡ್ಡಗಡ್ಡನೂ ಕೊನೆಗೆ ನಕ್ಕ. ಹೀಗೆ ಅವಿಯಾಕ್ ಹೊರಟಳು. ಆ ಯಾತ್ರೆಯ ಬಗ್ಗೆ ಆಮೇಲೆ ಬಂದ ಪುಸ್ತಕದಲ್ಲಿ ಅವಳ ಹೆಸರಿಲ್ಲವಂತೆ, 'ಜೊತೆಯಲ್ಲಿ ಒಬ್ಬ ಹೆಂಗಸೂ ಇದ್ದಳು' ಎಂದಿದೆಯಂತೆ. ಹತ್ತು ಕಾಲ್ಬೆರಳೂ ಇಟ್ಟುಕೊಂಡು ಊರಿಗೆ ಹೋಗಿ ಪುಸ್ತಕ ಬರೆದವನಿಗೆ ಅಷ್ಟಾದರೂ ನೆನಪಾಯಿತಲ್ಲ, ಸಂತೋಷ.

ಬಿಳಿಯರಲ್ಲಿ ಫೋಟೊ ತೆಗೆಯುವವನೊಬ್ಬನಿದ್ದ, ಆಸ್ಮುಸ್. ಸಣಕಲು ಆಳು. ಮಾತು ಕಡಿಮೆ, ಅದರಲ್ಲೂ ನಮ್ಮ ಮಾತು ಇನ್ನೂ ಕಡಿಮೆ. ಮೂರು ಕಾಲಿನ ಮೇಲೆ ಪೆಟ್ಟಿಗೆಯಂಥ ಕ್ಯಾಮೆರಾ ನಿಲ್ಲಿಸಿ, ಕರಿಬಟ್ಟೆ ಹೊದ್ದುಕೊಂಡು ಅದರ ಹಿಂದೆ ಬಗ್ಗಿ ನಿಂತನೆಂದರೆ ಜಗತ್ತಿಗೆಲ್ಲ ಅವನ ಹಿಂಭಾಗವೇ ಕಾಣುತ್ತಿತ್ತು. ಮಕ್ಕಳು ಅವನಿಗೆ ಮುಸುಕಪ್ಪ ಎಂದು ಹೆಸರಿಟ್ಟರು. ಒಂದು ದಿನ ಕ್ಯಾಮೆರಾದ ಹಿತ್ತಾಳೆ ತಿರುಪನ್ನು ಅವನು ಬರಿಗೈಯಲ್ಲಿ ಮುಟ್ಟಿದ. ಬೆರಳ ತುದಿಯ ಚರ್ಮ ಅಲ್ಲೇ ಅಂಟಿ ಕಿತ್ತು ಬಂತು. ಅವಿಯಾಕ್ ಅದನ್ನು ನೋಡಿ ಗದರಿದಳು.

"ಮುಸುಕಪ್ಪಾ, ನಿನ್ನ ಅವ್ವ ನಿನಗೆ ಕೈಗವಸು ಹಾಕ್ಕೊಳ್ಳೋಕೂ ಕಲಿಸ್ಲಿಲ್ವಾ?"

"ಗವಸು ದಪ್ಪ. ತಿರುಪು ಸಣ್ಣ," ಎಂದ ಅವನು, ಬೆರಳು ಬಾಯಲ್ಲಿಟ್ಟುಕೊಂಡು.

ಅವಳು ಕಡಲಹಕ್ಕಿಯ ತೊಗಲಿನಿಂದ ಅವನಿಗೊಂದು ತೆಳುವಾದ ಗವಸು ಹೊಲಿದುಕೊಟ್ಟಳು. ಗರಿಯ ಬದಿ ಒಳಗೆ, ತೊಗಲು ಹೊರಗೆ. ಸೂಜಿಯನ್ನೂ ಹಿಡಿಯಬಹುದು, ಅಷ್ಟು ಸಪೂರ. ಆಮೇಲೆ ಕ್ಯಾಮೆರಾಕ್ಕೂ ಸೀಲ್ ಚರ್ಮದ ಅಂಗಿ ಹೊಲಿದಳು. ಹೊಲಿಯುವುದು ಹೊಲಿದೆ, ಅರೆಮನಸ್ಸು ಯಾಕೆ ಎಂದು ಅದಕ್ಕೆ ಟೊಪ್ಪಿಗೆಯನ್ನೂ ಇಟ್ಟಳು. ಊರಿನ ಹೆಂಗಸರು ಬಂದು ನೋಡಿ, ಅವಿಯಾಕಳಿಗೆ ಮೂರು ಕಾಲಿನ ಗಂಡುಮಗು ಹುಟ್ಟಿದೆ ಎಂದು ಸುದ್ದಿ ಹಬ್ಬಿಸಿದರು.

ಹೊರಡುವ ದಿನ ನೆಕೆಯಲ್ಲಿ ನಾಯಿಗಳ ಗದ್ದಲವೋ ಗದ್ದಲ. ಇವಾಲು ಅಜ್ಜಿ ಸಿಮಿಗಾಕಳ ಹತ್ತಿರ ಉಳಿಯಬೇಕಿತ್ತು. ಅವಿಯಾಕ್ ನಾಯಿಗಳು ಎಳೆಯುವ ಹಿಮದ ಗಾಡಿಗೆ ಹೊರೆ ಕಟ್ಟುತ್ತಿದ್ದಾಗ ಆಸ್ಮುಸ್ ಆಚೆ ಮನೆಯ ಪಕ್ಕದಲ್ಲಿ ಕ್ಯಾಮೆರಾ ನಿಲ್ಲಿಸಿಕೊಂಡು ಯಾರನ್ನೋ ಕೂಗುತ್ತಿದ್ದ. ಅವಳು ತಿರುಗಿ ನೋಡಲಿಲ್ಲ. ಹಗ್ಗದ ಗಂಟು ಕೈಯಲ್ಲಿತ್ತು, ಕಣ್ಣು ತುಂಬಿತ್ತು. ನಾಯಿಗಳು ಎಳೆಯತೊಡಗಿದಮೇಲೆ ಆಸ್ಮುಸ್ ಅವಳ ಗಾಡಿಯ ಪಕ್ಕ ಓಡುತ್ತ ಬಂದು, ಗಾಜಿನ ಫಲಕಗಳನ್ನು ಜೋಡಿಸಿದ್ದ ಮರದ ಪೆಟ್ಟಿಗೆಯನ್ನು ತಟ್ಟಿ ತೋರಿಸಿದ.

"ನಿನ್ನ ಮಗಳು ಇದರೊಳಗೆ ಇದ್ದಾಳೆ."

"ಒಳಗಾ?"

"ಗಾಜಿನ ಮೇಲೆ. ಈಗ ಕಾಣೋಲ್ಲ. ವಾಪಸು ಬಂದಮೇಲೆ ಮರದ ಮನೆಯಲ್ಲಿ ನೀರಲ್ಲಿ ತೊಳೀತೀನಿ. ಆಗ ಕಾಣ್ತಾಳೆ. ಕಾಗದಕ್ಕೆ ಇಳಿಸಿ ನಿನಗೆ ಕೊಡ್ತೀನಿ."

ಅವಿಯಾಕ್ ಆ ಪೆಟ್ಟಿಗೆಯನ್ನು ತನ್ನ ಗಾಡಿಗೇ ಹಾಕಿಸಿಕೊಂಡಳು. ದಾರಿಯುದ್ದಕ್ಕೂ ಅದರ ಮೇಲೆ ಕೈಯಿಟ್ಟು ಮಾತಾಡಿದಳು. ಅಗೋ ಕರಡಿ ಹೆಜ್ಜೆ ನೋಡು, ಅಗೋ ನಿನ್ನಪ್ಪ ಜಾರಿಬಿದ್ದ ನೋಡು. ಮಾಯಾಕನಿಗೆ ಅದು ದೊಡ್ಡ ತಮಾಷೆಯಾಯಿತು. "ಒಳಗಿಂದ ಏನಾದ್ರೂ ಉತ್ತರ ಬಂತಾ? ಅಪ್ಪನ್ನ ಕೇಳಿದ್ಲಾ?" ಎಂದು ಕೆಣಕುತ್ತಿದ್ದ. ಕೆಣಕಿ ಮುಗಿದಮೇಲೆ, ಅವಳು ನೋಡದಿದ್ದಾಗ, ಅವನೂ ಪೆಟ್ಟಿಗೆಯ ಮೇಲಿನ ಹಿಮ ಒರೆಸುತ್ತಿದ್ದ.

ಒಂದೇ ಒಂದು ವಿಷಯಕ್ಕೆ ಅವಳಿಗೂ ಆಸ್ಮುಸನಿಗೂ ಜಗಳ. ಹಿಮದ ಮನೆ ಕಟ್ಟಿ ಎಲ್ಲರೂ ಒಳಗೆ ಸೇರಿಕೊಂಡಾಗ ಅವನು ಕ್ಯಾಮೆರಾವನ್ನೂ ಪೆಟ್ಟಿಗೆಯನ್ನೂ ಹೊರಗೇ ಬಿಡುತ್ತಿದ್ದ. ನಮ್ಮಲ್ಲಿ ಶತ್ರು ಬಂದು ಬಾಗಿಲಲ್ಲಿ ನಿಂತರೂ ಒಳಗೆ ಕರೆದು ಮಲಗಿಸುತ್ತೇವೆ, ಬೈಗುಳವೇನಿದ್ದರೂ ಊಟವಾದಮೇಲೆ.

"ಹೊರಗೆ ಇಡೋದಾ? ನಿನಗೆ ಕರುಳು ಇಲ್ವಾ?" ಎಂದು ಅವಳು ಕೇಳಿದಳು.

ಆಸ್ಮುಸ್ ತನಗೆ ಗೊತ್ತಿದ್ದ ನಾಲ್ಕು ಮಾತಿನಲ್ಲಿ ವಿವರಿಸಲು ಒದ್ದಾಡಿದ. "ಒಳಗೆ ತಂದರೆ ಬೆಚ್ಚಗೆ. ಬೆಚ್ಚಗೆ ಆದರೆ ಅದು ಅಳುತ್ತೆ. ನೀರು ಬರುತ್ತೆ."

"ಅತ್ತರೆ ಒಳಗೆ ತರಬೇಕು. ಹೊರಗೆ ಹಾಕೋದಲ್ಲ!"

ಅವನು ನಕ್ಕು ತಲೆಯಾಡಿಸಿದ. ತೆರೆಯಬೇಡ ಎಂದೂ ಹೇಳಿದ, ಎರಡೆರಡು ಸಲ ಹೇಳಿದ. ಬೇಟೆಗಾರರಿಗೆ ಇಂಥ ನೇಮಗಳು ಇದ್ದೇ ಇರುತ್ತವೆ. ಒಬ್ಬನಿಗೆ ಮೊಲ ತಿನ್ನುವಂತಿಲ್ಲ, ಇನ್ನೊಬ್ಬನ ಈಟಿಯನ್ನು ಹೆಂಗಸರು ದಾಟುವಂತಿಲ್ಲ. ಇವನಿಗೆ ಈ ಪೆಟ್ಟಿಗೆಯ ನೇಮ ಎಂದುಕೊಂಡು ಅವಳು ಸುಮ್ಮನಾದಳು.

ಹೋಗುವಾಗ ಎಲ್ಲವೂ ಸುಸೂತ್ರವಾಗಿ ಆಯಿತು. ಬರುವಾಗ ಬೇಟೆ ಕೈಕೊಟ್ಟಿತು. ಕಾಡೆತ್ತುಗಳಿರುತ್ತವೆ ಎಂದು ನಂಬಿದ್ದ ಕಣಿವೆಯಲ್ಲಿ ಹಳೆಯ ಕೊಂಬುಗಳು ಮಾತ್ರ ಬಿದ್ದಿದ್ದವು. ಆಮೇಲೆ ಮಂಜು ಕವಿದು ಎದುರಿನ ನಾಯಿಯ ಬಾಲವೂ ಕಾಣದಂತಾಯಿತು. ಸೋತ ನಾಯಿಗಳನ್ನು ಕೊಂದು ಉಳಿದ ನಾಯಿಗಳಿಗೆ ಹಾಕಿದರು, ತಾವೂ ತಿಂದರು. ಅದೂ ಮುಗಿದಮೇಲೆ ಚರ್ಮದ ಹಗ್ಗ ಬೇಯಿಸಿದರು. ದೊಡ್ಡಗಡ್ಡ ಒಂದು ದಿನ ತನ್ನ ಬೂಟನ್ನೇ ಪಾತ್ರೆಗೆ ಹಾಕಹೋದಾಗ ಅವಿಯಾಕ್ ಅದನ್ನು ಕೈಯಿಂದ ಕಸಿದುಕೊಂಡಳು.

"ಹೊಟ್ಟೆಗಿಲ್ಲದೆ ನಾಲ್ಕು ದಿನ ನಡೀಬಹುದು. ಬೂಟಿಲ್ಲದೆ ನಾಲ್ಕು ಹೆಜ್ಜೆ ನಡಿ ನೋಡೋಣ."

ಬೆಳಿಗ್ಗೆ ಎದ್ದು ಎಲ್ಲರ ಬೂಟುಗಳನ್ನೂ ಅವಳು ಜಗಿಯುತ್ತಿದ್ದಳು. ಹೊಟ್ಟೆ ಖಾಲಿಯಿದ್ದಾಗ ಬಾಯಿಗೆ ಚರ್ಮದ ವಾಸನೆ ಬಂದರೆ ಕರುಳು ಕಿವುಚುತ್ತದೆ. ನುಂಗುವ ಆಸೆಯಾಗುತ್ತದೆ. ನುಂಗದೆ ಜಗಿದು ಕೊಡಬೇಕು. ಆಸ್ಮುಸನ ಪಾದಗಳು ಬಾತಿದ್ದವು. ಅವಳು ಅವನ್ನು ತನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಕೂರುತ್ತಿದ್ದಳು, ಬೆರಳು ಕೆಂಪಾಗುವವರೆಗೂ ಬಿಡುತ್ತಿರಲಿಲ್ಲ. ಅವನು ನಾಚಿಕೊಂಡರೆ ಮಾಯಾಕ್ ಹೇಳುತ್ತಿದ್ದ, "ಕೂತ್ಕೋ ಕೂತ್ಕೋ. ನಮ್ಮ ಮನೇಲಿ ಬೆಚ್ಚಗಿರೋ ಜಾಗ ಅದೊಂದೇ."

ದೊಡ್ಡ ಹಿಮನದಿಯ ಬುಡಕ್ಕೆ ಬಂದಾಗ ನಾಯಿಗಳಿಗೆ ಗಾಡಿ ಎಳೆಯುವ ಶಕ್ತಿಯೇ ಉಳಿದಿರಲಿಲ್ಲ. ಭಾರ ಇಳಿಸಬೇಕು ಎಂದು ದೊಡ್ಡಗಡ್ಡ ಒಂದೊಂದೇ ಸಾಮಾನು ತೋರಿಸುತ್ತ ಬಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತ. ಆಸ್ಮುಸ್ ಹೋಗಿ ಅದರ ಮೇಲೆ ಕೂತ.

"ಏಳು. ಅದನ್ನ ತಿನ್ನೋಕಾಗುತ್ತಾ?" ಎಂದ ದೊಡ್ಡಗಡ್ಡ.

ಆಸ್ಮುಸ್ ಏಳಲಿಲ್ಲ. ಅಷ್ಟರಲ್ಲಿ ಅವಿಯಾಕ್ ತನ್ನ ಗಾಡಿಯಿಂದ ಸೀಲ್ ಕೊಬ್ಬು ಉರಿಸುವ ದೊಡ್ಡ ಕಲ್ಲಿನ ದೀಪವನ್ನು ಬಿಚ್ಚಿ ಎತ್ತಿ ಹಿಮದ ಮೇಲಿಟ್ಟಳು. ಅವಳ ತಾಯಿಯ ದೀಪ ಅದು. ಮಾಂಸ ಬೆಂದದ್ದು, ಬಟ್ಟೆ ಒಣಗಿದ್ದು, ಇವಾಲು ಹುಟ್ಟಿದ್ದು ಎಲ್ಲ ಅದರ ಬೆಳಕಿನಲ್ಲೇ. ಹೆಂಗಸಿಗೆ ದೀಪವೇ ಮನೆ. ಮಾಯಾಕನ ಬಾಯಿಂದ ಒಂದು ತಮಾಷೆಯೂ ಹೊರಡಲಿಲ್ಲ.

"ಪೆಟ್ಟಿಗೆಗಿಂತ ಇದೇ ಭಾರ. ಚಿಕ್ಕ ದೀಪ ಒಂದಿದೆ, ಸಾಕು," ಎಂದಳು ಅವಿಯಾಕ್.

ಆಸ್ಮುಸ್ ಅವಳನ್ನೇ ನೋಡುತ್ತ ಕೂತಿದ್ದ. ಆಮೇಲೆ ಎದ್ದು, ಕಪ್ಪು ಕಾಗದದಲ್ಲಿ ಸುತ್ತಿದ್ದ ಫಲಕಗಳ ಮೇಲಿನ ಗುರುತು ನೋಡುತ್ತ ಒಂದಷ್ಟನ್ನು ಬೇರೆ ತೆಗೆದು ಅವನೇ ಹಿಮಕ್ಕೆ ಹಾಕಿದ. ಬೆಟ್ಟಗಳು, ಹಿಮನದಿಗಳು, ಯಾರೂ ಕಾಣದ ತೀರಗಳು. ಮನುಷ್ಯರಿದ್ದವನ್ನು ಮಾತ್ರ ಉಳಿಸಿಕೊಂಡ. ದೊಡ್ಡಗಡ್ಡ ಕುಣಿದಾಡಿಬಿಟ್ಟ, ಅವನು ಬಂದದ್ದೇ ಆ ಬೆಟ್ಟಗಳಿಗಾಗಿ. ಆಸ್ಮುಸ್ ಹೇಳಿದ್ದಿಷ್ಟೇ, "ಬೆಟ್ಟ ಎಲ್ಲೂ ಹೋಗಲ್ಲ."

ನಮ್ಮವರ ಇನ್ನೊಂದು ಊರಾದ ಎತಾದ ಮನೆಗಳು ಕಂಡಾಗ ನಾಯಿಗಳೂ ಮನುಷ್ಯರೂ ಒಟ್ಟಿಗೆ ಗಾಡಿ ಎಳೆಯುತ್ತಿದ್ದರು. ಅಲ್ಲಿಂದ ನೆಕೆ ದೂರವಲ್ಲ. ನಮ್ಮಲ್ಲಿ ಗಾಡಿ ಬಂತೆಂದರೆ ಊರಿಗೆ ಊರೇ ಕೂಗುತ್ತ ಓಡಿಬರುತ್ತದೆ, ಯಾರು ಬಂದರು, ಏನು ತಂದರು ಎಂದು. ಆವತ್ತು ಯಾರೂ ಓಡಿಬರಲಿಲ್ಲ. ಎಲ್ಲರೂ ಟೊಪ್ಪಿಗೆ ಎಳೆದುಕೊಂಡು ಮನೆಗಳ ಮುಂದೆ ನಿಂತಿದ್ದರು. ಅವಿಯಾಕ್ ದೂರದಿಂದಲೇ ಅದನ್ನು ನೋಡಿದಳು, ಅವಳ ಕಾಲು ನಿಧಾನವಾಯಿತು. ಮಾಯಾಕನ ದೊಡ್ಡಪ್ಪನ ಮಗ ಇಮಿನಾ ಎದುರು ಬಂದು ನಾಯಿಗಳ ಹಗ್ಗ ಹಿಡಿದುಕೊಂಡ. ಮುಖ ನೋಡದೆ ಹೇಳಿದ.

"ಮಾಯಾಕ್, ಮರದ ಮನೆಯಿಂದ ಕೆಮ್ಮು ಬಂತು. ಎಲ್ಲರಿಗೂ ಬಂತು. ನಿನ್ನ ಅವ್ವ ಹುಷಾರಾಗಿ ಎದ್ದು ಕೂತಳು." ನಾಯಿಗಳ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಮತ್ತೆ ಹೇಳಿದ. "ಈಗ ಅವಳು ಒಬ್ಬಳೇ ಮಲಗ್ತಾಳೆ."

ಅಷ್ಟೇ. ಅದಕ್ಕಿಂತ ಬಿಡಿಸಿ ಹೇಳುವಂತಿಲ್ಲ. ಸತ್ತವರ ಹೆಸರನ್ನು ಹೊಸದಾಗಿ ಹುಟ್ಟಿದ ಮಗುವೊಂದಕ್ಕೆ ಇಡುವವರೆಗೆ ನಾವು ಬಾಯಲ್ಲಿ ಆಡುವುದಿಲ್ಲ. ಅವಿಯಾಕ್ ಕೂಗಲಿಲ್ಲ. ಗಾಡಿಯ ಹತ್ತಿರ ಹೋಗಿ ಪೆಟ್ಟಿಗೆಯ ಮೇಲೆ ಎರಡೂ ಕೈಯಿಟ್ಟು ನಿಂತಳು. ಇಮಿನಾನ ಹೆಂಡತಿ ಪಾಲ್ಲೊಕ್ ಬಂದು ತೋಳು ಹಿಡಿದು ಅವಳನ್ನು ಒಳಗೆ ಕರೆದುಕೊಂಡು ಹೋದಳು.

ಸೂತಕದ ದಿನಗಳಲ್ಲಿ ಹೆಂಗಸು ಸೂಜಿ ಮುಟ್ಟುವಂತಿಲ್ಲ. ಚರ್ಮ ಹದ ಮಾಡುವಂತಿಲ್ಲ, ಮಾಂಸ ಕುಯ್ಯುವಂತಿಲ್ಲ, ಬೂಟು ಜಗಿಯುವಂತಿಲ್ಲ. ಬುದ್ಧಿ ತಿಳಿದಾಗಿನಿಂದ ಆ ಕೈಗಳು ಸುಮ್ಮನೆ ಕೂತದ್ದಿಲ್ಲ. ಈಗ ಮಡಿಲಲ್ಲಿ ಬಿದ್ದಿದ್ದವು. ಆಸ್ಮುಸ್ ಮನೆಯೊಳಗಿನ ಮಲಗುವ ಜಗುಲಿಯ ಮೂಲೆಯಲ್ಲಿ ಹೊಟ್ಟೆತುಂಬ ವಾಲ್ರಸ್ ಮಾಂಸ ತಿಂದು ಸತ್ತವನಂತೆ ನಿದ್ದೆಹೋಗಿದ್ದ. ಗಂಡಸರು ಬೇಟೆಗೆ ಹೋಗಿದ್ದರು. ಪಾಲ್ಲೊಕ್ ನೀರಿಗೆಂದು ಮಂಜುಗಡ್ಡೆ ತರಲು ಹೊರಗೆ ಹೋದಳು.

ಅವಿಯಾಕಳ ತಲೆಯಲ್ಲಿ ಇದ್ದದ್ದು ಒಂದೇ ಮಾತು. ಮಗಳು ಹೊರಗೆ ಚಳಿಯಲ್ಲಿದ್ದಾಳೆ. ನೆಕೆಯಲ್ಲಿ ಹೂತಿಟ್ಟ ಕಲ್ಲುಗಳ ಕೆಳಗಿರುವವಳಿಗೆ ತಾನು ಏನೂ ಮಾಡಲಾರೆ. ಆದರೆ ಗಾಡಿಯ ಮೇಲಿರುವವಳು?

ಹೋಗಿ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದು ದೀಪದ ಪಕ್ಕದಲ್ಲಿಟ್ಟಳು. ಅದು ಸ್ವಲ್ಪ ಹೊತ್ತು ಬಿಳಿಯಾಯಿತು, ಆಮೇಲೆ ಬೆವರಿತು, ಆಮೇಲೆ ಅದರ ಸಂದುಗಳಿಂದ ನೀರು ಇಳಿಯತೊಡಗಿತು. ಆಸ್ಮುಸ್ ಹೇಳಿದ್ದು ನಿಜ, ಅದು ಅಳುತ್ತಿತ್ತು. ಮುಚ್ಚಳ ತೆಗೆದು ನೋಡಿದರೆ ಕಪ್ಪು ಕಾಗದಗಳೆಲ್ಲ ಒದ್ದೆ. ತೆರೆಯಬೇಡ ಎಂದಿದ್ದ ಅವನು. ಅವಳು ಮಲಗಿದ್ದವನನ್ನು ಒಮ್ಮೆ ನೋಡಿದಳು. ಆದರೆ ಒದ್ದೆಯಾದದ್ದನ್ನು ಮುಚ್ಚಿಟ್ಟರೆ ಏನಾಗುತ್ತದೆಂದು ನಮ್ಮ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒದ್ದೆ ಬೂಟು, ಒದ್ದೆ ಗವಸು, ಒದ್ದೆ ಮಗು, ಯಾವುದೇ ಇರಲಿ, ಮೊದಲು ಬಿಚ್ಚಬೇಕು, ಒರೆಸಬೇಕು, ದೀಪದ ಮೇಲೆ ಹರಡಬೇಕು. ಹಾಗೆ ಮಾಡಿಯೇ ನಾವು ಈ ನಾಡಿನಲ್ಲಿ ಬದುಕಿದ್ದೇವೆ. ಸೂತಕದಲ್ಲಿ ಮಾಡಬಾರದ ಕೆಲಸಗಳು ಬೇಕಾದಷ್ಟಿದ್ದವು, ಆದರೆ ಗಾಜು ಒಣಗಿಸಬಾರದು ಎಂದು ಯಾವ ಹಿರಿಯರೂ ಹೇಳಿರಲಿಲ್ಲ. ಅವರು ಗಾಜನ್ನು ಕಂಡಿದ್ದರೆ ತಾನೆ?

ಒಂದೊಂದೇ ಬಿಚ್ಚಿದಳು. ಮೊಲದ ತುಪ್ಪಳದಿಂದ ಒತ್ತಿ ಒತ್ತಿ ನೀರು ತೆಗೆದಳು, ಉಜ್ಜಲಿಲ್ಲ, ಎಳೆಯ ಮಗುವಿನ ಮೈ ಒರೆಸುವಷ್ಟೇ ಮೆಲ್ಲಗೆ. ದೀಪದ ಮೇಲೆ ಬೂಟು ಒಣಹಾಕುವ ಅಟ್ಟಣಿಗೆಯಿತ್ತು. ಅದರ ಮೇಲಿದ್ದ ಗವಸುಗಳನ್ನು ಸರಿಸಿ ಫಲಕಗಳನ್ನು ಸಾಲಾಗಿ ಒರಗಿಸಿ ನಿಲ್ಲಿಸಿದಳು. ಸೀಲ್ ಕರುಳನ್ನು ತೆಳುವಾದ ಪರದೆಯಂತೆ ಬಿಗಿದ ಕಿಟಕಿಯಿಂದ ವಸಂತದ ಬಿಸಿಲು ಅವುಗಳ ಮೇಲೆ ಬಿತ್ತು. ಯಾವುದರಲ್ಲೂ ಯಾರೂ ಕಾಣಲಿಲ್ಲ, ಎಲ್ಲ ಹಾಲಿನಂತೆ ಬೆಳ್ಳಗೆ. ಯಾವುದರಲ್ಲಿ ತನ್ನವಳಿದ್ದಾಳೋ ಗೊತ್ತಾಗದೆ ಅವಳು ಎಲ್ಲವಕ್ಕೂ ಅಷ್ಟೇ ಉಪಚಾರ ಮಾಡಿದಳು. ಸುದ್ದಿ ಕೇಳಿದಾಗಿನಿಂದ ಅವಳ ಎದೆ ಹಗುರಾದದ್ದು ಆ ಹೊತ್ತಿನಲ್ಲಿ ಮಾತ್ರ.

ಆಸ್ಮುಸ್ ಎದ್ದು ಕೂತಾಗ ಅವಳು ತಿರುಗಿ ನೋಡಿದಳು.

"ಬೈಬೇಡ. ಒದ್ದೆಯಾಗಿದ್ವು. ಈಗ ಎಲ್ಲಾ ಒಣಗಿದಾವೆ. ಒಂದೂ ಒಡೆದಿಲ್ಲ ನೋಡು."

ಅವನು ಆ ಸಾಲನ್ನು ನೋಡಿದ. ಬಿಸಿಲನ್ನು ನೋಡಿದ. ಚಳಿಗಾಲ ಮುಗಿದಾಗಿನಿಂದ ಅವನು ತೆಗೆದದ್ದು, ಬೆಟ್ಟಗಳನ್ನು ಎಸೆದು ಉಳಿಸಿಕೊಂಡದ್ದು, ಎಲ್ಲವೂ ಆ ಅಟ್ಟಣಿಗೆಯ ಮೇಲೆ ಬೆಳಕು ಕುಡಿದು ಸತ್ತಿತ್ತು. ಅವಳ ಕೈಯಲ್ಲಿ ಇನ್ನೂ ಮೊಲದ ತುಪ್ಪಳವಿತ್ತು.

"ಹೌದು. ಒಂದೂ ಒಡೆದಿಲ್ಲ," ಎಂದ.

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿಕೊಂಡ. ಅವನ ಬೆನ್ನು ಅಲುಗುತ್ತಿದ್ದುದನ್ನು ಕಂಡು, ಪಾಪ, ಇವನಿಗೂ ಮಕ್ಕಳ ನೆನಪಾಯಿತೇನೋ ಎಂದುಕೊಂಡ ಅವಿಯಾಕ್ ಅವನ ಮೇಲೆ ಕರಡಿ ಚರ್ಮ ಎಳೆದು ಹೊದಿಸಿದಳು.

ಅವಳಿಗೆ ಹೇಳುವ ಧೈರ್ಯ ಅವನಿಗೆ ಬೇಸಿಗೆಯವರೆಗೂ ಬರಲಿಲ್ಲ. ಹಡಗು ಬರುವ ಕಾಲ ಹತ್ತಿರವಾದಾಗ ಅವಿಯಾಕ್ ನೆಕೆಯಿಂದ ಮರದ ಮನೆಗೆ ಬಂದು ಹೊಸ್ತಿಲ ಮೇಲೆ ಕೂತಳು. ಕೊಡುತ್ತೇನೆ ಎಂದಿದ್ದ, ಬಂದಿದ್ದೇನೆ ಎನ್ನುವಂತೆ ಕೂತಳು. ದೊಡ್ಡಗಡ್ಡ ಆಸ್ಮುಸನನ್ನು ಪಕ್ಕಕ್ಕೆ ಕರೆದು, ಚಳಿಗಾಲದಲ್ಲಿ ತೆಗೆದ ಬೇರೆ ಮಕ್ಕಳ ಪಟಗಳಿವೆಯಲ್ಲ, ಟೊಪ್ಪಿಗೆ ಹಾಕಿದರೆ ಎಲ್ಲವೂ ಒಂದೇ, ಯಾವುದಾದರೂ ಒಂದನ್ನು ಕೊಟ್ಟು ಕಳಿಸು ಎಂದ. ಆಸ್ಮುಸ್ ಕತ್ತಲೆಕೋಣೆಗೆ ಹೋದ. ಸುಳ್ಳು ಪಟ ಹುಡುಕಲು ಹೋದನೋ, ಒಂದಾದರೂ ಗಾಜಿನಲ್ಲಿ ಏನಾದರೂ ಉಳಿದಿರಬಹುದೆಂಬ ಆಸೆಯಿಂದ ಹೋದನೋ ಅವನೇ ಬಲ್ಲ. ತುಂಬ ಹೊತ್ತಾದಮೇಲೆ ಹೊರಗೆ ಬಂದು ಅವಳ ಪಕ್ಕದಲ್ಲಿ ಕೂತು, ಕೈಯಲ್ಲಿದ್ದ ಫಲಕವನ್ನು ಅವಳ ಮಡಿಲಲ್ಲಿಟ್ಟ. ಅದು ಇದ್ದಿಲಿನಂತೆ ಕಪ್ಪಾಗಿತ್ತು.

"ಅಂಚಲ್ಲಿ ನಾನು ಗೀರಿದ ಗುರುತಿದೆ, ಇದು ಅವಳದು. ಇದರಲ್ಲಿ ಏನೂ ಇಲ್ಲ. ತೊಳೆಯೋಕೆ ಮುಂಚೆ ಬೆಳಕು ತಾಗಬಾರದು. ತಾಗಿದರೆ ಎಲ್ಲಾ ಹೋಗುತ್ತೆ. ಎತಾದಲ್ಲಿ ತಾಗ್ತು."

ಅವಿಯಾಕ್ ಫಲಕವನ್ನು ತಿರುಗಿಸಿ ನೋಡಿದಳು. ಬಿಸಿಲಿಗೆ ಹಿಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ನಾನು ಒಣಗಿಸಿದ್ದಕ್ಕಾ?"

ಅವನು ತಲೆ ತಗ್ಗಿಸಿದ.

"ಆವತ್ತೇ ಯಾಕೆ ಹೇಳ್ಲಿಲ್ಲ?"

"ಆವತ್ತು ನಿನ್ನ ಕೈಯಲ್ಲಿ ಬೇರೆ ಏನೂ ಇರಲಿಲ್ಲ," ಎಂದ ಆಸ್ಮುಸ್.

ಅವಳು ಫಲಕವನ್ನು ಮಡಿಲಲ್ಲೇ ಇಟ್ಟುಕೊಂಡು ಕೊಲ್ಲಿಯ ಕಡೆ ನೋಡುತ್ತ ಕೂತಳು. ಮಗುವನ್ನು ಚಳಿಯಿಂದ ಕಾಪಾಡಲು ಹೋಗಿ ತಾನೇ ಅವಳನ್ನು ಎರಡನೆಯ ಸಲ ಕಳಿಸಿಬಿಟ್ಟೆ ಎನಿಸಿತು. ಆದರೆ ಅವಿಯಾಕ್ ಹರಿದುಹೋದದ್ದನ್ನು ನೋಡುತ್ತ ಕೂರುವ ಹೆಂಗಸಲ್ಲ, ಹೊಲಿಯಲು ಏನು ಉಳಿದಿದೆ ಎಂದು ಹುಡುಕುವವಳು. ಕೊನೆಗೆ ಅವನ ಕಡೆ ತಿರುಗಿದಳು.

"ಆವತ್ತು ನಾನು ನೋಡ್ಲಿಲ್ಲ. ನೀನು ಬಟ್ಟೆ ಒಳಗೆ ಇದ್ದೆ, ನೀನು ನೋಡಿದೀಯ. ಏನು ನೋಡಿದೆ, ಹೇಳು. ಏನೂ ಬಿಡಬೇಡ."

ಆಸ್ಮುಸ್ ಕಣ್ಣು ಮುಚ್ಚಿಕೊಂಡ. "ತಲೆಕೆಳಗೆ ಇದ್ದಳು," ಎಂದು ಶುರುಮಾಡಿದ. "ಕ್ಯಾಮೆರಾ ಒಳಗೆ ಹಾಗೇ ಕಾಣೋದು. ಹಿಮ ಮೇಲೆ, ಆಕಾಶ ಕೆಳಗೆ. ಅವಳು ಹಿಮದಿಂದ ನೇತಾಡ್ತಾ ಇದ್ದಳು."

"ಒಣಹಾಕಿದ ಗವಸಿನ ಹಾಗಾ?"

"ಹೂಂ. ಹಾಗೇ. ಟೊಪ್ಪಿಗೆಯಿಂದ ಒಂದಿಷ್ಟು ಕೂದಲು ಹೊರಗೆ ಬಂದಿತ್ತು. ಒಂದು ನಾಯಿಮರಿ ಬಂತು, ಮೂಸಿ ಹೋಯ್ತು. ಅವಳು ಅದನ್ನ ನೋಡಲೇ ಇಲ್ಲ."

"ಮತ್ತೆ ಎಲ್ಲಿ ನೋಡ್ತಿದ್ದಳು? ಮುಖ ಹೇಗಿತ್ತು? ನಗ್ತಾ ಇದ್ದಳಾ? ಅಳ್ತಾ ಇದ್ದಳಾ?"

ಅವನು ಎಲ್ಲವನ್ನೂ ಹೇಳಿಬಿಟ್ಟ.

"ಮುಖ ಕಾಣ್ಲಿಲ್ಲ. ಇಲ್ಲಿ ನೋಡು, ಇಲ್ಲಿ ನೋಡು ಅಂತ ಕೂಗಿದೆ. ತಲೆ ಎತ್ತಲೇ ಇಲ್ಲ. ಬೂಟು ನೋಡ್ಕೋತಾ ಇದ್ದಳು. ಹೊಸ ಬೂಟು. ಈ ಕಾಲು ಮುಂದಿಟ್ಟು ನೋಡೋದು, ಆ ಕಾಲು ಮುಂದಿಟ್ಟು ನೋಡೋದು. ನನಗೆ ಸಿಟ್ಟು ಬಂತು, ಬೆರಳು ನೋಯ್ತಿತ್ತು. ಹಾಗೇ ತೆಗೆದುಬಿಟ್ಟೆ. ಗಾಜು ಚೆನ್ನಾಗಿದ್ದಿದ್ದರೂ ಮುಖ ಬರ್ತಿರಲಿಲ್ಲ, ಅವಿಯಾಕ್. ಟೊಪ್ಪಿಗೆ ಇರ್ತಿತ್ತು, ಬೂಟು ಇರ್ತಿತ್ತು. ಅಷ್ಟೇ."

ಆ ಬೂಟುಗಳು! ಬಿಳಿಯರ ಬೂಟು, ಗಂಡನ ಬೂಟು, ಕ್ಯಾಮೆರಾದ ಅಂಗಿ, ಎಲ್ಲವೂ ಮುಗಿದಮೇಲೆ ಕೊನೆಗೆ ಕೈಗೆತ್ತಿಕೊಂಡದ್ದು ಮಗಳದು. ಆ ಬೆಳಿಗ್ಗೆ ನಾಯಿಗಳನ್ನು ಕಟ್ಟಿಯಾದಮೇಲೂ ಅವಿಯಾಕ್ ಕೊನೆಯ ಹೊಲಿಗೆ ಹಾಕುತ್ತಿದ್ದಳು. ದಾರವನ್ನು ಹಲ್ಲಿನಲ್ಲಿ ಕಚ್ಚಿ ಕಡಿದು, ಎರಡು ಕಾಲಿಗೂ ಎಳೆದು ಹಾಕಿ, ಹಿಡಿಸಿತೇ ಎಂದು ಕೂಡ ಕೇಳದೆ ಹೊರೆ ಕಟ್ಟಲು ಓಡಿದ್ದಳು. ಹಸಿವಿನಲ್ಲಿ ನಡೆದ ಆ ದಾರಿಯುದ್ದಕ್ಕೂ, ಬೇಸಿಗೆಯ ಎಲ್ಲ ದಿನಗಳಲ್ಲೂ ಅವಳನ್ನು ಕೊರೆದದ್ದು ಅದೊಂದೇ, ಮಗುವಿನ ಕಡೆ ಸರಿಯಾಗಿ ನೋಡದೆ ಹೊರಟುಬಂದೆನಲ್ಲ ಎಂದು.

"ಇಷ್ಟ ಆಗಿತ್ತಾ ಅವಳಿಗೆ?"

"ಇಷ್ಟಾನಾ? ನಾನು ಬಟ್ಟೆಯಿಂದ ಹೊರಗೆ ಬಂದಮೇಲೂ ನೋಡ್ಕೋತಾನೇ ಇದ್ದಳು. ನಿಮ್ಮವ್ವನ ಗಾಡಿ ಹೊರಟಿತು ಕಣೇ, ಕೈ ಬೀಸು ಅಂದೆ. ಓಡಿದಳು. ನಾಲ್ಕು ಹೆಜ್ಜೆ ಓಡಿ ನಿಂತು, ಮತ್ತೆ ಬೂಟು ನೋಡ್ಕೊಂಡಳು."

ಆಗ ಅವಿಯಾಕ್ ಅತ್ತಳು. ಸುದ್ದಿ ಕೇಳಿದ ದಿನ ಬಾರದ ಅಳು ಈಗ ಬಂತು. ಅಳುತ್ತಲೇ ನಗುತ್ತಿದ್ದಳು, ನಗುತ್ತಲೇ ಆಸ್ಮುಸನ ಭುಜಕ್ಕೆ ಗುದ್ದುತ್ತಿದ್ದಳು. ದೋಣಿಯ ಹತ್ತಿರವಿದ್ದ ಮಾಯಾಕ್ ಗಾಬರಿಯಿಂದ ಓಡಿಬಂದ. ಅವಳು ಅವನನ್ನು ಎಳೆದು ಕೂರಿಸಿಕೊಂಡು ಆಸ್ಮುಸನಿಗೆ ಬಾಯಿ ತೆರೆಯಲೂ ಬಿಡದೆ ತಾನೇ ಹೇಳಿದಳು, ನಾಯಿಮರಿ ಮೂಸಿದ್ದನ್ನೂ ಬಿಡದೆ.

ಹಡಗು ಹೋಯಿತು. ಮರದ ಮನೆಯನ್ನು ಗಾಳಿ ಕಿತ್ತುಕೊಂಡು ಹೋಯಿತು. ನೆಕೆಯಲ್ಲಿ ಹುಟ್ಟಿದ ಹೆಣ್ಣುಮಗುವೊಂದಕ್ಕೆ ಇವಾಲು ಎಂದು ಹೆಸರಿಟ್ಟರು, ಅದನ್ನು ಮತ್ತೆ ಬಾಯಲ್ಲಿ ಆಡುವಂತಾಯಿತು. ಅವಿಯಾಕ್ ತುಂಬ ಕಾಲ ಬದುಕಿದಳು. ಹಲ್ಲುಗಳೆಲ್ಲ ಸವೆದು ವಸಡಿಗೆ ಸಮವಾದಮೇಲೂ ಯಾರದಾದರೂ ಬೂಟನ್ನು ಬಾಯಿಗಿಟ್ಟುಕೊಂಡು ಕೂತಿರುತ್ತಿದ್ದಳು, ಅಭ್ಯಾಸಬಲ. ದಕ್ಷಿಣದಿಂದ ಯಾರಾದರೂ ಕ್ಯಾಮೆರಾ ಹಿಡಿದು ಬಂದರೆ ಮಕ್ಕಳು ಅವಳನ್ನು ಸುತ್ತಿಕೊಂಡು ಕೆದಕುತ್ತಿದ್ದರು.

"ಅಜ್ಜಿ, ನಿನ್ನ ಮಗಳ ಪಟ ತೆಗೆದಿದ್ರಂತೆ ಹೌದಾ? ನೀನು ನೋಡಿದೀಯಾ?"

"ನೋಡದೆ ಏನು?" ಎನ್ನುತ್ತಿದ್ದಳು ಅವಿಯಾಕ್, ಬಾಯಿಂದ ಬೂಟು ತೆಗೆದು. "ತಲೆಕೆಳಗಾಗಿ ನಿಂತಿದ್ದಳು, ಕಾಲು ಮೇಲೆ. ಬೂಟು ಎರಡೂ ಸರಿಯಾಗಿ ಕೂತಿದ್ದವು."